ಕಂಪಾಸಿನ ಪಕ್ಕ ನಿಂತವರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮತ್ತೆ ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಇರುವುದು ನಿಜ, ಅಲ್ಲವೆಂದು ನಾನೂ ವಾದಿಸುವುದಿಲ್ಲ. ಆದರೆ ಆ ಸೋಮವಾರ ಮೇಷ್ಟ್ರು ನನ್ನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಏನಮ್ಮಾ, ಹೊರಟ ಜಾಗಕ್ಕೆ ನೀವು ವಾಪಸ್ ಬರಲೇ ಇಲ್ವಲ್ಲ" ಎಂದಾಗ ನನಗೆ ಸಿಟ್ಟು ಬರಲಿಲ್ಲ. ಅಳು ಬಂತು. ಅಳುವುದಕ್ಕೆ ಆ ಕೋಣೆ ತಕ್ಕ ಜಾಗವಾಗಿರಲಿಲ್ಲ. ಒಂದು ಕಡೆ ಭೂಪಟಗಳ ಬೀರು, ಇನ್ನೊಂದು ಕಡೆ ಕಲ್ಲಿನ ಚೂರುಗಳನ್ನು ಜೋಡಿಸಿಟ್ಟ ಗಾಜಿನ ಪೆಟ್ಟಿಗೆ, ನಡುವೆ ಸಾಲಾಗಿ ಕೂತು ಕಿವಿ ನೆಟ್ಟಗೆ ಮಾಡಿಕೊಂಡ ನನ್ನ ಸಹಪಾಠಿಗಳು.

ಸಹಪಾಠಿಗಳೆಂದರೆ ಮೀಸೆ ಈಗಷ್ಟೇ ಚಿಗುರಿದ ಹುಡುಗರು, ಬೆನ್ನಿಗೆ ಮೂಟೆಯಂಥ ಚೀಲ ಹೊತ್ತ ಹುಡುಗಿಯರು. ನಾನು ಭೂಗೋಳದ ಪದವಿಗೆ ಸೇರಿದ್ದು ನಲವತ್ತು ಹತ್ತಿರವಾದ ಮೇಲೆ. ಮೊದಲು ಎಲ್ಲರೂ ಆಂಟಿ ಎನ್ನುತ್ತಿದ್ದರು. ಒಂದು ದಿನ ನಾನು ಕಣ್ಣು ಕೆಂಪಗೆ ಮಾಡಿದ ಮೇಲೆ ಅಕ್ಕ ಎಂದರು.

ಕಂಪಾಸ್ ಸರ್ವೆ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಮೈದಾನದಲ್ಲಿ ಸುತ್ತಲೂ ಐದು ಗೂಟ ಹೊಡೆಯುತ್ತಾರೆ. ಒಂದೊಂದು ಗೂಟದ ಮೇಲೂ ಕಂಪಾಸ್ ನಿಲ್ಲಿಸಿ, ಮುಂದಿನ ಗೂಟ ಯಾವ ದಿಕ್ಕಿಗಿದೆ, ಬಿಟ್ಟುಬಂದ ಗೂಟ ಯಾವ ದಿಕ್ಕಿಗಿದೆ ಎಂದು ಡಿಗ್ರಿಯಲ್ಲಿ ಓದಬೇಕು. ನಡುವಿನ ದೂರವನ್ನು ಬಟ್ಟೆಯ ಟೇಪಿನಲ್ಲಿ ಅಳೆಯಬೇಕು. ಹೀಗೆ ಸುತ್ತಿ ಬಂದು ಹೊರಟ ಗೂಟಕ್ಕೇ ಸೇರಬೇಕು. ಮನೆಗೆ ಬಂದು ಕಾಗದದ ಮೇಲೆ ಗೆರೆ ಎಳೆದಾಗ ಕೊನೆಯ ಗೆರೆ ಮೊದಲ ಚುಕ್ಕಿಗೆ ಬಂದು ಮುಟ್ಟಬೇಕು. ಅಕ್ಕಿಕಾಳಿನಷ್ಟು ತಪ್ಪಿದರೆ ಯಾರೂ ಏನೂ ಅನ್ನುವುದಿಲ್ಲ. ನನ್ನದು ಹೆಬ್ಬೆರಳಿನ ಉದ್ದಕ್ಕೆ ತಪ್ಪಿತ್ತು. ನೆಲದ ಲೆಕ್ಕದಲ್ಲಿ ಆ ಸಂದಿನಲ್ಲಿ ಒಂದು ಮನೆ ಕಟ್ಟಬಹುದಿತ್ತು.

ಆ ನಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರ ಸಹಿ ಬೀಳದಿದ್ದರೆ ಪದವಿ ಇಲ್ಲ. ಅದೂ ಆ ವರ್ಷವೇ ಬೀಳಬೇಕು. ಮುಂದಿನ ವರ್ಷದಿಂದ ಪಠ್ಯ ಬದಲಾಗುತ್ತಿತ್ತು, ಕಂಪಾಸ್ ಸರ್ವೆಯನ್ನೇ ತೆಗೆದುಹಾಕಿ ಬೇರೇನೋ ಕಂಪ್ಯೂಟರಿನದು ಇಟ್ಟಿದ್ದರು. ಈ ಸಲ ತಪ್ಪಿದವರು ಮೂರನೇ ವರ್ಷವನ್ನು ಮೊದಲಿನಿಂದ ಓದಬೇಕು. ಹುಡುಗರಿಗಾದರೆ ಒಂದು ವರ್ಷ ಹೋದರೆ ಹೋಯಿತು. ನಾನು ಮನೆಯಲ್ಲಿ ಮೂರು ವರ್ಷ ಎಂದು ಮಾತು ಕೊಟ್ಟು ಬಂದವಳು. ನಾಲ್ಕನೆಯದನ್ನು ಯಾವ ಮುಖ ಇಟ್ಟುಕೊಂಡು ಕೇಳಲಿ?

ಕೇಳಿದರೆ ಬೇಡವೆನ್ನುವವರು ಯಾರೂ ಇರಲಿಲ್ಲ, ಅದೇ ನನಗೆ ಕಷ್ಟ. ಅತ್ತೆ ಮಾತ್ರ ಚುಚ್ಚುತ್ತಿದ್ದರು. "ಭೂಮಿ ದುಂಡಗಿದೆ ಅಂತ ತಿಳ್ಕೊಳ್ಳೋಕೆ ಮೂರು ವರ್ಷ ಬೇಕೇನೇ?" ಎಂದು ಬಟಾಣಿ ಬಿಡಿಸುತ್ತಾ ಕೇಳುವುದು, ನಾನು ಪರೀಕ್ಷೆಗೆ ಹೊರಟರೆ ಅವರೇ ಬಾಗಿಲವರೆಗೂ ಬಂದು ನೀರಿನ ಬಾಟಲಿ ಕೊಡುವುದು.

ನಮ್ಮವರದು ಬೀಗದ ಅಂಗಡಿ. ಬೀದಿಯವರೆಲ್ಲ ಅವರನ್ನು ಬೀಗದವರು ಎಂದೇ ಕರೆಯುತ್ತಾರೆ. ಅಂಗಡಿ ಎಂದರೆ ಎರಡು ಕಟ್ಟಡಗಳ ನಡುವೆ ಉಳಿದುಹೋದ ಸಂದಿಗೆ ಒಂದು ಷಟರ್ ಹಾಕಿದಂಥದ್ದು. ಗೋಡೆಯ ತುಂಬಾ ಕೊರೆಯದ ಕೀಲಿಗಳು ನೇತಾಡುತ್ತವೆ, ಗಾಳಿ ಬಂದರೆ ಸಣ್ಣಗೆ ಸದ್ದು ಮಾಡುತ್ತವೆ. ಕೆಲಸಕ್ಕೆ ಕೂತರೆಂದರೆ ಅವರ ಬಾಯಿಗೂ ಬೀಗವೇ. ಕೆಲಸ ಬಿಟ್ಟಾಗಲೂ ಹೆಚ್ಚು ಕಡಿಮೆ ಅಷ್ಟೇ. ನಾನು ಕಾಲೇಜಿಗೆ ಸೇರುತ್ತೇನೆ ಎಂದಾಗ "ಓದು" ಎಂದರು, ಅಷ್ಟೇ. ಅಡ್ಡ ಬರಲಿಲ್ಲ. ನಾನು ಓದುವ ಹೊತ್ತಿಗೆ ಟೀವಿ ಸದ್ದು ತಗ್ಗಿಸುತ್ತಿದ್ದರು. ಆದರೆ ಏನು ಓದುತ್ತೀಯ, ಅದರಲ್ಲಿ ಏನಿದೆ ಎಂದು ಒಂದು ದಿನವಾದರೂ ಕೇಳಿದರೆ ಕೇಳಿ. ನದಿ ಹೇಗೆ ತಾನೇ ತಂದ ಮಣ್ಣಿನಿಂದ ತನ್ನ ದಾರಿ ಬದಲಿಸಿಕೊಳ್ಳುತ್ತದೆ ಎಂದು ಓದಿದ ದಿನ ನಾನು ಯಾರಿಗಾದರೂ ಹೇಳಲೇಬೇಕೆಂದು ಚಡಪಡಿಸಿದ್ದೆ. ಊಟಕ್ಕೆ ಕೂತಾಗ ಶುರು ಮಾಡಿದೆ. ಅವರು ಹೂಂ ಎಂದರು, ಇನ್ನೊಮ್ಮೆ ಹೂಂ ಎಂದರು, ನೀರು ಕೇಳಿದರು. ನಾನು ಮುಖ ಊದಿಸಿಕೊಂಡು ಎದ್ದುಹೋದೆ.

ಅಂಥವರು ಸರ್ವೆಯ ಹಿಂದಿನ ದಿನ ಇದ್ದಕ್ಕಿದ್ದಂತೆ, "ನಾಳೆ ಬಿಸಿಲಲ್ಲಿ ಇಬ್ಬರೇ ಹೆಂಗಸರು ಏನ್ಮಾಡ್ತೀರ? ನಾನೂ ಬರ್ತೀನಿ" ಎಂದರು. ಇಬ್ಬರೇ ಎಂದರೆ ನಾನು ಮತ್ತು ನನ್ನ ಜೊತೆಗಾತಿ. ಅವಳು ಇಪ್ಪತ್ತರ ಹುಡುಗಿ, ಒಂದೇ ಸಮ ಮಾತಾಡುತ್ತಾಳೆ, ನಾವೆಲ್ಲ ಅವಳನ್ನು ರೇಡಿಯೋ ಎನ್ನುತ್ತಿದ್ದೆವು. ನಮ್ಮವರ ಮಾತು ಕೇಳಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತೋರಿಸಿಕೊಳ್ಳಲಿಲ್ಲ. "ಬಂದು ಏನ್ಮಾಡ್ತೀರಿ?" ಎಂದೆ. "ನೆರಳು ಹಿಡೀತೀನಿ" ಎಂದರು.

ಛತ್ರಿ ತರಬಾರದೆಂದು ನಾನು ಮೊದಲೇ ಹೇಳಿದ್ದೆ. ಕಂಪಾಸಿನ ಬಳಿ ಕಬ್ಬಿಣ ಸುಳಿಯಬಾರದು ಎನ್ನುವುದು ಮೇಷ್ಟ್ರು ಮೊದಲ ವರ್ಷದಿಂದ ತಲೆಗೆ ಕುಟ್ಟಿ ಕುಟ್ಟಿ ತುಂಬಿದ ಪಾಠ. ಛತ್ರಿಯ ಕಡ್ಡಿ ಉಕ್ಕಿನದು, ಆದ್ದರಿಂದ ಛತ್ರಿ ಬೇಡ. ಕೂದಲಿನ ಪಿನ್ನು ತೆಗೆಯಿರಿ, ಚಪ್ಪಲಿಯ ಬಕಲು ನೋಡಿಕೊಳ್ಳಿ, ಕೀಲಿಗೊಂಚಲು ದೂರ ಇಡಿ. ನಾನೂ ರೇಡಿಯೋನೂ ಬೆಳಿಗ್ಗೆ ಒಬ್ಬರನ್ನೊಬ್ಬರು ಪೊಲೀಸರಂತೆ ತಪಾಸಣೆ ಮಾಡಿಕೊಂಡೆವು. ಅವಳ ಬಟ್ಟೆಯ ಒಳಗಿನ ಒಂದು ಸೇಫ್ಟಿ ಪಿನ್ನು ಕೂಡ ಬಿಡಲಿಲ್ಲ. ನಮ್ಮವರು ಛತ್ರಿಯ ಬದಲು ಬೀಗಗಳು ಬರುವ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ, ಅಗಲವಾಗಿ ಬಿಡಿಸಿ, ಅಂಚಿಗೆ ಹುರಿ ಕಟ್ಟಿ ತಂದಿದ್ದರು. ಅಂಗಡಿಗೆ ಯಾರೋ ಗಿರಾಕಿ ಬಂದಿದ್ದರಿಂದ ತಡವಾಗಿ, ನಾವು ಎರಡನೇ ಗೂಟ ಮುಗಿಸಿ ಮೂರನೆಯದಕ್ಕೆ ಹೋಗುವಾಗ ಬಂದು ಸೇರಿಕೊಂಡರು. ಆಮೇಲೆ ಸುತ್ತು ಮುಗಿಯುವವರೆಗೂ ನನ್ನ ಬೆನ್ನ ಹಿಂದೆ ನಿಂತು ಎರಡೂ ಕೈಯಲ್ಲಿ ಆ ರಟ್ಟನ್ನು ನನ್ನ ತಲೆಯ ಮೇಲೆ ಹಿಡಿದಿದ್ದರು. ಕೈ ನೋಯುತ್ತದೆ ಎನ್ನಲಿಲ್ಲ. ಒಮ್ಮೆ ಬಗ್ಗಿ, "ಈ ಮುಳ್ಳು ಯಾವಾಗ್ಲೂ ಹೀಗೇ ಅಲ್ಲಾಡ್ತಿರುತ್ತಾ?" ಎಂದು ಕೇಳಿದರು. ಮೂರು ವರ್ಷದಲ್ಲಿ ಭೂಗೋಳದ ಬಗ್ಗೆ ಅವರು ಕೇಳಿದ ಮೊದಲ ಪ್ರಶ್ನೆ ಅದು. ನಾನು ಖುಷಿಯಲ್ಲಿ ಅದಕ್ಕೆ ದೊಡ್ಡ ಭಾಷಣವನ್ನೇ ಕೊಟ್ಟೆ.

ಆ ದಿನದ ನಕ್ಷೆಯೇ ಈಗ ಮೇಷ್ಟ್ರ ಮೇಜಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ಮೇಷ್ಟ್ರು ಒಳ್ಳೆಯವರು, ಬೈಯಲಿಲ್ಲ. ಬೆರಳಿಟ್ಟು ತೋರಿಸಿದರು. "ನೋಡಿ, ಒಂದರಿಂದ ಎರಡನ್ನ ನೋಡಿದ ಲೆಕ್ಕ, ಎರಡರಿಂದ ಒಂದನ್ನ ನೋಡಿದ ಲೆಕ್ಕ, ಎರಡಕ್ಕೂ ನೂರೆಂಬತ್ತು ಡಿಗ್ರಿ ವ್ಯತ್ಯಾಸ ಸರಿಯಾಗಿದೆ. ಅಲ್ಲಿಗೆ ಒಂದೂ ಎರಡೂ ಶುದ್ಧ. ಮೂರರಿಂದ ಮುಂದೆ ನೋಡಿ, ಯಾವುದೂ ಯಾವುದಕ್ಕೂ ಕೂಡಲ್ಲ. ಮುಳ್ಳು ಸುಳ್ಳು ಹೇಳಲ್ಲಮ್ಮ. ಅದರ ಪಕ್ಕದಲ್ಲಿ ಏನೋ ಇತ್ತು. ಏನಿತ್ತು ಅಂತ ಹುಡುಕಿ, ಶನಿವಾರದೊಳಗೆ ಇನ್ನೊಂದು ಸಲ ಮಾಡ್ಕೊಂಡು ಬನ್ನಿ. ಎರಡೂ ಹಾಳೆ ಲಗತ್ತಿಸಿ, ತಪ್ಪಿಗೆ ಕಾರಣ ಬರೀರಿ. ಕಾರಣ ಹೇಳೋಕಾಗದೆ ಬರೀ ಸರಿಯಾದ್ದು ತಂದ್ರೆ, ಪರೀಕ್ಷಕರು ಎಲ್ಲಿಂದ ಕದ್ರಿ ಅಂತಾರೆ."

ಹೊರಗೆ ಬಂದಾಗ ರೇಡಿಯೋ ಕಿವಿಯಲ್ಲಿ ಪಿಸುಗುಟ್ಟಿದಳು. "ಅಕ್ಕಾ, ತಲೆ ಕೆಡಿಸ್ಕೋಬೇಡಿ. ಮುಂದಿನ ಲೆಕ್ಕಕ್ಕೆ ನೂರೆಂಬತ್ತು ಕೂಡಿಸಿ ಹಿಂದಿನದು ಅಂತ ಬರ್ದುಬಿಡೋಣ. ಅರ್ಧ ಕ್ಲಾಸು ಹಾಗೇ ಮಾಡಿರೋದು. ಕಾರಣಕ್ಕೆ ಏನು, ಕರೆಂಟಿನ ಕಂಬ ಅಂತ ಹಾಕಿ."

"ಆ ಮೈದಾನದಲ್ಲಿ ಕರೆಂಟಿನ ಕಂಬ ಎಲ್ಲಿದೆಯೇ?"

"ಪರೀಕ್ಷಕರು ಬಂದು ನೋಡ್ತಾರಾ?"

"ನಾನು ಮೂರು ವರ್ಷ ಎಲ್ಲರಿಗೂ ಬೇಯಿಸಿಟ್ಟು, ಬಸ್ಸಲ್ಲಿ ನೇತಾಡ್ಕೊಂಡು ಬಂದು ಓದಿದ್ದು ಇಲ್ಲದ ಕಂಬ ಬರೆಯೋದಕ್ಕಲ್ಲ" ಎಂದೆ. ಸಿಟ್ಟು ಅಷ್ಟು ಹೊತ್ತಿಗೆ ತನ್ನ ಜಾಗಕ್ಕೆ, ಅಂದರೆ ಮೂಗಿನ ತುದಿಗೆ ಬಂದು ಕೂತಿತ್ತು. ರೇಡಿಯೋ ಬಾಯಿ ಮುಚ್ಚಿದಳು. ಅವಳ ಪಾಲಿಗೆ ಬೇರೆ ನಕ್ಷೆ ಇತ್ತು, ಅದು ಸರಿಯಾಗಿತ್ತು. ನನ್ನ ನಕ್ಷೆಗೆ ಅವಳು ಬರೀ ಎದುರಿನ ಗೂಟದಲ್ಲಿ ಗುರಿಗೆಂದು ಕೋಲು ಹಿಡಿಯಲು ಬಂದವಳು. ಮರುದಿನ ಅವಳು ಊರಿಗೆ ಹೋಗುವುದಿತ್ತು, ನಾನೇ ಹೋಗು ಎಂದೆ.

ಎರಡು ದಿನ ಮೈದಾನದಲ್ಲಿ ಕಬ್ಬಿಣ ಹುಡುಕಿದೆ. ಮೂರನೇ ಗೂಟದ ಸುತ್ತ ಕಡ್ಡಿಯಿಂದ ಕೆದಕಿದೆ. ನಾಲ್ಕನೆಯದರ ಹತ್ತಿರ ಹಳೆ ನೀರಿನ ಪೈಪು ಏನಾದರೂ ಹೋಗಿದೆಯಾ ಎಂದು ಕಾಲೇಜಿನ ಕಾವಲುಗಾರರನ್ನು ಕೇಳಿದೆ. "ಇಲ್ಲಿ ಪೈಪು ಹಾಕಿಸಿ ಅಂತ ನಾವು ಬಡ್ಕೊಂಡಿದ್ದೇ ಬಂತು" ಎಂದರು. ಐದನೆಯದರ ಪಕ್ಕ ತುಕ್ಕು ಹಿಡಿದ ಒಂದು ಡಬ್ಬಿಯ ಮುಚ್ಚಳ ಸಿಕ್ಕಿತು. ಆಸೆಯಿಂದ ಎತ್ತಿಕೊಂಡೆ, ಆದರೆ ಮನಸ್ಸು ಒಪ್ಪಲಿಲ್ಲ. ಮೂರು ಗೂಟಗಳನ್ನು ಕೆಡಿಸುವಷ್ಟು ತ್ರಾಣ ಆ ಮುಚ್ಚಳಕ್ಕಿರಲಿಲ್ಲ. ಕೊನೆಗೆ ಕೈಚೆಲ್ಲಿ, ಮೇಷ್ಟ್ರ ಅಪ್ಪಣೆ ಪಡೆದು ಕಂಪಾಸನ್ನೇ ಮನೆಗೆ ತಂದೆ. ದೋಷ ಅದರಲ್ಲೇ ಇರಬಹುದೇ ಎಂದು ನೋಡುವುದಕ್ಕೆ.

ಸಂಜೆ ಅದನ್ನು ಊಟದ ಮೇಜಿನ ಮೇಲಿಟ್ಟೆ. ನಮ್ಮ ಊಟದ ಮೇಜು ಮರದ್ದು, ಒಂದು ಕಾಲು ಸಡಿಲ, ಅದರಡಿಗೆ ಮಡಿಸಿದ ಕಾಗದ. ಮುಳ್ಳು ಸ್ವಲ್ಪ ಹೊತ್ತು ತೂಗಾಡಿ ಕಿಟಕಿಯ ಕಡೆ ತಿರುಗಿ ನಿಂತಿತು. ಕಿಟಕಿ ಉತ್ತರಕ್ಕೇ ಇದೆ. ಸರಿಯಾಗಿದೆ. ಮೇಜನ್ನು ತಟ್ಟಿದೆ, ಮತ್ತೆ ಅಲ್ಲೇ ಬಂದು ನಿಂತಿತು. ಕಂಪಾಸಿನಲ್ಲಿ ಏನೂ ದೋಷವಿಲ್ಲ ಎಂದು ಗೊತ್ತಾಗಿ ಇನ್ನೂ ಬೇಜಾರಾಯಿತು.

ಅಷ್ಟರಲ್ಲಿ ನಮ್ಮವರು ಅಂಗಡಿ ಮುಚ್ಚಿ ಬಂದರು. ಎದುರಿನ ಕುರ್ಚಿ ಎಳೆದು ಕೂತು, ಮೊಣಕೈ ಊರಿ, "ಏನಾದ್ರೂ ಸಿಕ್ತಾ?" ಎಂದು ಮುಂದಕ್ಕೆ ಬಾಗಿದರು.

ಮುಳ್ಳು ಕಿಟಕಿ ಬಿಟ್ಟು ಅವರ ಕಡೆ ತಿರುಗಿತು.

"ಏನೂ ಇಲ್ಲ. ಕೈ ತೊಳ್ಕೊಂಡು ಬನ್ನಿ" ಎಂದೆ. ಅವರು ಎದ್ದು ಬಚ್ಚಲಿಗೆ ಹೋದರು. ಮುಳ್ಳು ನಿಧಾನವಾಗಿ ಕಿಟಕಿಗೆ ಮರಳಿತು. ಅವರು ಬಂದು ಕೂತರು. ಮುಳ್ಳು ಅವರ ಕಡೆ ಬಂತು.

"ರೀ, ಇನ್ನೊಂದು ಸಲ ಎದ್ದು ಹೋಗಿ."

"ಯಾಕೆ?"

"ಹೋಗಿ ಅಂದ್ರೆ ಹೋಗಿ."

ಎದ್ದು ಹೋದರು. ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. "ಈಗ ಬನ್ನಿ" ಎಂದೆ. ಬಂದರು. ಒಳಗಿನಿಂದ ಅತ್ತೆ, "ಏನೇ ಅದು, ಅವನನ್ನ ಕವಾಯತು ಮಾಡಿಸ್ತಿದೀಯಾ?" ಎಂದು ಕೂಗಿದರು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುತ್ತಲೇ ಅವರ ಅಂಗಿಯ ಜೇಬಿಗೆ ಕೈ ಹಾಕಿ ಹೊರಗೆ ತೆಗೆದೆ.

ಅಯಸ್ಕಾಂತ. ಹಳೆಯ ಲೌಡ್‌ಸ್ಪೀಕರಿನಿಂದ ಕಿತ್ತದ್ದು, ಬಳೆಯಂತೆ ನಡುವೆ ತೂತಿರುವ ಕಪ್ಪು ಬಿಲ್ಲೆ. ಬೀಗ ಬಿಚ್ಚುವಾಗ ಒಳಗಿನ ಸ್ಪ್ರಿಂಗುಗಳು ಸಾಸಿವೆಯಂತೆ ಸಿಡಿದು ನೆಲದಲ್ಲಿ ಮಾಯವಾಗುತ್ತವೆ. ಆಗ ಅವರು ಇದನ್ನು ನೆಲದ ಮೇಲೆ ಆಡಿಸಿ ಎಲ್ಲವನ್ನೂ ಹೆಕ್ಕಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ಅವರ ಎಡ ಜೇಬಿನಲ್ಲಿ ಅದನ್ನು ನೋಡುತ್ತಲೇ ಬಂದಿದ್ದೆ. ಒಗೆಯಲು ಹಾಕುವಾಗ ತೆಗೆದಿಟ್ಟಿದ್ದೆ. ನೋಡಿ ನೋಡಿ ಅದು ನನ್ನ ಕಣ್ಣಿಗೆ ಅವರ ಅಂಗಿಯ ಗುಂಡಿಯಷ್ಟೇ ಆಗಿಹೋಗಿತ್ತು. ರೇಡಿಯೋಳ ಸೇಫ್ಟಿ ಪಿನ್ನು ಬಿಡದೆ ಹುಡುಕಿದ ನಾನು, ಛತ್ರಿಯ ಕಡ್ಡಿಗೆ ಹೆದರಿ ರಟ್ಟು ತರಿಸಿದ ನಾನು, ರಟ್ಟು ಹಿಡಿದವರ ಜೇಬು ನೋಡಿರಲಿಲ್ಲ.

ನನ್ನ ನಗು ನಿಂತಾಗ ಅವರು ನಗುತ್ತಿರಲಿಲ್ಲ.

"ಅಂದ್ರೆ ನಾನು ಬಂದು ನಿಂತಿದ್ದಕ್ಕೇ ಕೆಟ್ಟಿದ್ದು" ಎಂದರು.

"ನೀವಲ್ಲ ರೀ, ಇದು."

"ಇದು ಬೇರೆ, ನಾನು ಬೇರೆನಾ? ಇಷ್ಟು ವರ್ಷದಿಂದ ಜೇಬಲ್ಲಿದೆ." ಅಯಸ್ಕಾಂತವನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿ ತೂಗಿದರು. "ಮೂರು ವರ್ಷ ದೂರ ಇದ್ದೆ, ನಿನ್ನ ಓದು ಚೆನ್ನಾಗೇ ನಡೀತಿತ್ತು. ಒಂದು ದಿನ ಹತ್ತಿರ ಬಂದೆ, ವರ್ಷವೇ ಮಣ್ಣುಪಾಲಾಗೋ ಹಾಗಾಯ್ತು."

ಅವರು ಅಷ್ಟು ಉದ್ದ ಮಾತಾಡಿದ್ದು ನಾನು ಎಂದೂ ಕೇಳಿರಲಿಲ್ಲ. ಅವರು ಊಟ ಮಾಡಿದರು, ತಟ್ಟೆ ತೊಳೆದಿಟ್ಟರು, ಬೇಗ ಮಲಗಿದರು. ಟೀವಿ ಹಾಕಲೇ ಇಲ್ಲ. ನನಗೆ ಕಾರಣ ಸಿಕ್ಕಿತ್ತು, ಅದರ ಸಂತೋಷ ಮಾತ್ರ ಸಿಗಲಿಲ್ಲ. ಆ ನಗುವನ್ನು ಹೇಗಾದರೂ ವಾಪಸ್ ತೆಗೆದುಕೊಳ್ಳುವಂತಿದ್ದರೆ ಎನಿಸಿತು.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವರು ಅಂಗಡಿಗೆ ಹೋಗಿಯಾಗಿತ್ತು. "ಜೊತೆಗೆ ಯಾರು?" ಎಂದು ಅತ್ತೆ ಕೇಳಿದರು. "ಯಾರೂ ಇಲ್ಲ" ಎಂದೆ. "ಅವನು?" ಎಂದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅತ್ತೆ ಎಂದಿನಂತೆ ಚುಚ್ಚಲಿಲ್ಲ, ನೀರಿನ ಬಾಟಲಿ ಮಾತ್ರ ಕೊಟ್ಟರು.

ಒಬ್ಬಳೇ ಮಾಡುವುದು ಸುಲಭವಲ್ಲ. ದೂರಗಳನ್ನು ಮತ್ತೆ ಅಳೆಯಬೇಕಾಗಿರಲಿಲ್ಲ, ಟೇಪಿಗೆ ಅಯಸ್ಕಾಂತದ ಭಯವಿಲ್ಲ. ದಿಕ್ಕು ಮಾತ್ರ ಮತ್ತೆ ಓದಬೇಕು. ಆದರೆ ಅದಕ್ಕೂ ಎದುರಿನ ಗೂಟದ ಮೇಲೆ ಕೆಂಪು-ಬಿಳಿ ಪಟ್ಟೆಯ ಕೋಲು ನೆಟ್ಟಗೆ ನಿಂತಿರಬೇಕು, ಇಲ್ಲದಿದ್ದರೆ ಏನನ್ನು ಗುರಿಯಿಟ್ಟು ನೋಡುವುದು? ನೆಲ ಬಂಡೆಯಂತೆ ಗಟ್ಟಿಯಾಗಿತ್ತು. ಎರಡನೇ ಗೂಟದ ಬಳಿ ಕೋಲನ್ನು ಕಲ್ಲುಗಳ ನಡುವೆ ಸಿಕ್ಕಿಸಿ ಬಂದೆ. ಮೊದಲನೇ ಗೂಟಕ್ಕೆ ಬಂದು ಕಂಪಾಸ್ ನಿಲ್ಲಿಸುವಷ್ಟರಲ್ಲಿ ಬಿತ್ತು. ಹೋಗಿ ಎತ್ತಿ ನಿಲ್ಲಿಸಿ ಬಂದೆ. ಮತ್ತೆ ಬಿತ್ತು. ಮೂರನೇ ಸಲ ಬಿದ್ದಾಗ ಅದಕ್ಕೆ ಬಾಯಿಗೆ ಬಂದಂತೆ ಬೈದು, ಕಂಪಾಸಿನ ಮುಕ್ಕಾಲಿಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬಿಸಿಲು ಆಗಲೇ ಏರುತ್ತಿತ್ತು. ತಲೆಯ ಮೇಲೆ ರಟ್ಟು ಇರಲಿಲ್ಲ, ಅದು ನೆನಪಾಗಿ ಕಣ್ಣು ತುಂಬಿತು.

ಕಣ್ಣೊರೆಸಿಕೊಂಡು ನೋಡಿದರೆ ಕೋಲು ನಿಂತಿದೆ.

ಅದರ ಹಿಂದೆ ನಮ್ಮವರು. ಎರಡೂ ಕೈಯಲ್ಲಿ ಅದನ್ನು ಎದೆಯ ಮುಂದೆ ಹಿಡಿದು, ಇತ್ತ ಮುಖ ಮಾಡಿ ನಿಂತಿದ್ದರು. ನಾನು ಕೈ ಬೀಸಿದೆ. ಅವರು ಬೀಸಲಿಲ್ಲ. ಜೋರಾಗಿ ಕೂಗಿದೆ, "ರೀ, ಯಾವಾಗ ಬಂದ್ರಿ?"

"ಕೂಗಬೇಡ, ಕೇಳಿಸುತ್ತೆ. ಕಾಣಲ್ಲ ಅಷ್ಟೇ" ಎಂದು ಅಲ್ಲಿಂದ ಕೂಗಿದರು. "ಕನ್ನಡಕ ಬಿಟ್ಟು ಬಂದಿದೀನಿ. ಅದರ ಫ್ರೇಮು ಉಕ್ಕಿಂದು."

ಕನ್ನಡಕ ಒಂದೇ ಅಲ್ಲ. ಬೆಲ್ಟು ಬಿಟ್ಟಿದ್ದರು, ಅದರ ಬಕಲಿಗೆ ಹೆದರಿ. ಪ್ಯಾಂಟನ್ನು ಸೊಂಟಕ್ಕೆ ಹುರಿಯಲ್ಲಿ ಬಿಗಿದಿದ್ದರು, ರಟ್ಟಿಗೆ ಕಟ್ಟಿದ್ದ ಅದೇ ಹುರಿ. ಕಾಲಿಗೆ ರಬ್ಬರು ಚಪ್ಪಲಿ. ಕೈಗಡಿಯಾರವೂ ಇಲ್ಲ. ಜೇಬುಗಳನ್ನು ಒಳಗಿನಿಂದ ಹೊರಗೆ ಎಳೆದು ಬಿಟ್ಟಿದ್ದರು, ಅವು ಮೊಲದ ಕಿವಿಯಂತೆ ನೇತಾಡುತ್ತಿದ್ದವು. ಬೀದಿಯಲ್ಲಿ ಆ ವೇಷದಲ್ಲಿ ಹೇಗೆ ಬಂದರೋ ದೇವರೇ ಬಲ್ಲ.

ಕಂಪಾಸಿನ ಸಣ್ಣ ಸೀಳಿಗೆ ಕಣ್ಣಿಟ್ಟೆ. ಎದುರಿನ ಚೌಕಟ್ಟಿನ ನಡುವೆ ಕುದುರೆಯ ಕೂದಲಿನ ಒಂದು ಎಳೆ ಇರುತ್ತದೆ, ಅದನ್ನು ಕೋಲಿನ ಮೇಲೆ ಸರಿಯಾಗಿ ಕೂರಿಸಬೇಕು. ಕೂರಿಸಿದೆ. ಕೋಲಿನ ಹಿಂದೆ ಅವರ ಮುಖ ಬಂತು. ಕಾಣದ ಕಣ್ಣನ್ನು ಕಿರಿದು ಮಾಡಿಕೊಂಡು, ನಾನು ಎಲ್ಲಿದ್ದೇನೆ ಎಂದು ಗೊತ್ತಿಲ್ಲದಿದ್ದರೂ ನನ್ನ ಕಡೆಗೇ ನೋಡುತ್ತಾ, ಕೋಲು ವಾಲದಂತೆ ಉಸಿರು ಬಿಗಿ ಹಿಡಿದು ನಿಂತಿದ್ದರು. ಮುಳ್ಳು ನಿಲ್ಲುವವರೆಗೂ ಕಾಯಬೇಕು. ಅಷ್ಟು ಹೊತ್ತೂ ಅವರನ್ನೇ ನೋಡಿದೆ. ಒಂದೇ ಮನೆಯಲ್ಲಿ ಇದ್ದುಕೊಂಡು ಅವರನ್ನು ಅಷ್ಟು ಹೊತ್ತು ನೋಡಿ ಎಷ್ಟು ಕಾಲವಾಗಿತ್ತೋ. ಕಿವಿಯ ಮೇಲಿನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಬಂದದ್ದನ್ನು ಬಂತು ಎನ್ನುವುದಕ್ಕೆ ನನಗೇನೂ ನಾಚಿಕೆಯಿಲ್ಲ.

ಆ ಬೆಳಿಗ್ಗೆ ಐದೂ ಗೂಟ ಸುತ್ತಿದೆವು. ಮುಂದಿನ ಗೂಟ ನೋಡಿದ ಮೇಲೆ ಹಿಂದಿನದನ್ನೂ ನೋಡಬೇಕಲ್ಲ, ಅದಕ್ಕೆ ಅವರು ಕೋಲು ಹೊತ್ತುಕೊಂಡು ಮುಂದಕ್ಕೂ ಹಿಂದಕ್ಕೂ ಓಡಾಡಬೇಕಿತ್ತು. ನೇರ ದಾರಿ ನನ್ನ ಪಕ್ಕದಲ್ಲೇ. ಆದರೆ ಪ್ರತಿ ಸಲವೂ ಅವರು ಮೈದಾನದ ಅಂಚಿಗೆ ಹೋಗಿ, ಹಾವಿರುವ ಜಾಗವನ್ನು ಬಳಸಿ ಹೋಗುವವರ ಹಾಗೆ ದೊಡ್ಡ ಸುತ್ತು ಹಾಕಿ ದಾಟುತ್ತಿದ್ದರು. ಕಾಣದೆ ಎರಡು ಸಲ ಎಡವಿದರು. "ರೀ, ಜೇಬು ಖಾಲಿ ಇದೆಯಲ್ಲ, ಹತ್ತಿರದಿಂದಲೇ ಬನ್ನಿ" ಎಂದೆ. "ಯಾಕೆ ಸುಮ್ಮನೆ" ಎಂದರು. ನಾನು ಕಂಪಾಸನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿ, ಹಾಕಿದೆ ಎಂದು ಬಾಯಿಬಿಟ್ಟು ಹೇಳುವವರೆಗೂ ಅವರು ಹತ್ತಿರ ಬರಲಿಲ್ಲ.

ಅದೇ ದಿನ ಊಟದ ಮೇಜಿನ ಮೇಲೆ ಹಾಳೆ ಹಾಸಿ ಗೆರೆ ಎಳೆದೆ. ಅವರು ಬಾಗಿಲಿಗೆ ಒರಗಿ ನಿಂತಿದ್ದರು.

"ಇದು ಬರೀ ಕಾಗದ ರೀ. ಹತ್ತಿರ ಬಂದ್ರೆ ಏನೂ ಆಗಲ್ಲ."

"ಮುಗಿಸು ನೀನು" ಎಂದರು.

ಕೊನೆಯ ಗೆರೆ ಮೊದಲ ಚುಕ್ಕಿಯ ಪಕ್ಕಕ್ಕೆ ಬಂದು ನಿಂತಿತು. ನಡುವೆ ಒಂದು ಅಕ್ಕಿಕಾಳು ಅಡ್ಡ ಮಲಗುವಷ್ಟು ಸಂದು. ಅಷ್ಟು ಇದ್ದೇ ಇರುತ್ತದೆ, ಅದನ್ನು ಎಲ್ಲ ಮೂಲೆಗಳಿಗೂ ಸ್ವಲ್ಪ ಸ್ವಲ್ಪ ಹಂಚಿ ಸರಿಮಾಡುವುದು ನಮ್ಮ ಪಾಠದಲ್ಲೇ ಇದೆ. "ಸೇರ್ತು" ಎಂದೆ. ಅವರು ಬಾಗಿಲಲ್ಲೇ ದೊಡ್ಡ ಉಸಿರು ಬಿಟ್ಟರು. ಅತ್ತೆ ಒಳಗಿನಿಂದ, "ಭೂಮಿ ದುಂಡಗಿದೆಯಂತಾ?" ಎಂದರು.

ಪರೀಕ್ಷಕರು ಬಂದದ್ದು ಮುಂದಿನ ವಾರ. ಬೇರೆ ಕಾಲೇಜಿನವರು, ಹೆಂಗಸು, ನನಗಿಂತ ಚಿಕ್ಕವರು. ನಗುವ ಮುಖವಲ್ಲ. ನನ್ನ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಮೇಷ್ಟ್ರು ಅವರ ಹಿಂದೆ ನಿಂತು ಸೂರು ನೋಡುತ್ತಿದ್ದರು.

"ಮೊದಲನೇ ಹಾಳೇಲಿ ಮೂರು, ನಾಲ್ಕು, ಐದು ಕೆಟ್ಟಿದೆ. ಕಾರಣದ ಜಾಗದಲ್ಲಿ 'ಸಹಾಯಕರ ಜೇಬಿನಲ್ಲಿದ್ದ ಅಯಸ್ಕಾಂತ' ಅಂತ ಬರ್ದಿದೀರಿ. ಯಾರು ಆ ಸಹಾಯಕರು?"

"ನನ್ನ ಗಂಡ, ಮೇಡಂ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ರೇಡಿಯೋ ಇರಬೇಕು.

"ಎಷ್ಟು ಹತ್ತಿರ ನಿಂತಿದ್ರು?"

"ನನ್ನ ಬೆನ್ನ ಹಿಂದೇನೇ. ನನಗೆ ಬಿಸಿಲು ಬೀಳದ ಹಾಗೆ ರಟ್ಟು ಹಿಡ್ಕೊಂಡಿದ್ರು."

"ಎರಡನೇ ಹಾಳೆಗೆ ಕೋಲು ಹಿಡಿದಿದ್ದು?"

"ಅವರೇ."

ಪರೀಕ್ಷಕರು ತಲೆಯೆತ್ತಿ ನನ್ನನ್ನು ನೋಡಿದರು. ಎರಡನೇ ಹಾಳೆಯನ್ನು ಇನ್ನೊಮ್ಮೆ ನೋಡಿದರು. ಪೆನ್ನಿನ ಟೊಪ್ಪಿ ತೆಗೆದರು. ಮೊದಲು ಕೆಟ್ಟ ಹಾಳೆಗೆ, ಆಮೇಲೆ ಒಳ್ಳೆಯ ಹಾಳೆಗೆ, ಎರಡಕ್ಕೂ ಸಹಿ ಹಾಕಿದರು. "ಕಂಬ ಅಂತ ಬರೆಯದೇ ಇದ್ದದ್ದು ಒಳ್ಳೇದಾಯ್ತು" ಎಂದರು. "ಬೆಳಿಗ್ಗೆಯಿಂದ ಈ ಹಾಳೆಗಳಲ್ಲೇ ಆ ಮೈದಾನದ ಏಳು ಕಂಬ ನೋಡಿದೆ ನಾನು." ಸೂರು ನೋಡುತ್ತಿದ್ದ ಮೇಷ್ಟ್ರು ಕೆಮ್ಮಿದರು. ಕಂಪಾಸನ್ನು ನಾನೇ ಬೀರುವಿನಲ್ಲಿಟ್ಟು, ಅದರ ಮುಚ್ಚಳವನ್ನು ಒಮ್ಮೆ ಸವರಿ ಹೊರಗೆ ಬಂದೆ.

ಮೆಟ್ಟಿಲಿಳಿದು ಗೇಟಿಗೆ ಬಂದರೆ ನಮ್ಮವರು ಕಂಡರು. ಗೇಟಿನಲ್ಲಲ್ಲ. ರಸ್ತೆಯ ಆಚೆ ಬದಿ, ಮುಚ್ಚಿದ ಅಂಗಡಿಯೊಂದರ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದರು. ನೆರಳು ಈಚೆ ಬದಿಯಲ್ಲಿತ್ತು, ಗೇಟಿನ ಪಕ್ಕದ ಮರದ ಕೆಳಗೆ. ಅವರು ಬಿಸಿಲಲ್ಲಿ ನಿಂತಿದ್ದರು. ಈ ಸಲ ಕನ್ನಡಕ ಇತ್ತು, ಬೆಲ್ಟು ಇತ್ತು, ಕಾಲ ಬಳಿ ಸಾಮಾನಿನ ಚೀಲ ಇತ್ತು. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಅಲ್ಯಾಕೆ ನಿಂತಿದೀರಿ? ಒಳಗೆ ಬರೋದಲ್ವಾ?" ಎಂದು ಈಚೆಯಿಂದ ಕೂಗಿದೆ.

"ಪಕ್ಕದ ಬೀದೀಲಿ ಒಂದು ಬಾಗಿಲು ತೆಗೆಯೋದಿತ್ತು. ಹಾಗೇ ಬಂದೆ" ಎಂದು ಆಚೆಯಿಂದ ಕೂಗಿದರು. "ಚೀಲದಲ್ಲಿ ಎಲ್ಲಾ ಇದೆ. ಒಳಗೆ ಪಾಪ ಬೇರೆ ಮಕ್ಕಳ ಕಂಪಾಸೂ ಇರುತ್ತಲ್ಲ."

ದಾರಿಯಲ್ಲಿ ಹೋಗುತ್ತಿದ್ದವರು ಇಬ್ಬರನ್ನೂ ನೋಡಿಕೊಂಡು ಹೋದರು.

"ಸಹಿ ಬಿತ್ತು ರೀ!"

ಅವರು ಕನ್ನಡಕ ತೆಗೆದರು, ಅಂಗಿಯ ತುದಿಯಿಂದ ಒರೆಸಿದರು, ಹಾಕಿಕೊಳ್ಳಲಿಲ್ಲ. ಚೀಲವನ್ನು ಕಾಲಿನಿಂದ ಗೋಡೆಯ ಮೂಲೆಗೆ ಸರಿಸಿದರು. ಎಡ ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಹಾಗಾದ್ರೆ ಈಗ ಹತ್ತಿರ ಬರ್ಬೋದಾ?" ಎಂದು ಕೇಳಿದರು.

ಬಸ್ಸೊಂದು ಹೋಗುವವರೆಗೆ ಕಾದು, ನಾನೇ ರಸ್ತೆ ದಾಟಿ ಹೋದೆ.